ಮನೆ ಖರ್ಚು ಶೇ. 14 ಏರಿದೆ, ಹಣದುಬ್ಬರ ಶೇ. 5 ಅಂತಾರೆ: ಯಾವುದನ್ನು ನಂಬಲಿ?

ಪ್ರಶ್ನೆ: ನಾನು ಮನೆ ಖರ್ಚನ್ನೆಲ್ಲ ಪುಸ್ತಕದಲ್ಲಿ ಬರೆದಿಡುವವಳು. ಒಂದು ವರ್ಷದಲ್ಲಿ ನಮ್ಮ ಖರ್ಚು ಶೇ. 14 ಜಾಸ್ತಿಯಾಗಿದೆ. ಅಧಿಕೃತ ಲೆಕ್ಕ ಮಾತ್ರ ಹಣದುಬ್ಬರ ಶೇ. 5 ಅನ್ನುತ್ತದೆ. ಸಾಲದ್ದಕ್ಕೆ ‘ಹಣದುಬ್ಬರ ಇಳಿಯುತ್ತಿದೆ’ ಅಂತ ಸುದ್ದಿ ಬೇರೆ. ಯಾವ ಬೆಲೆಯೂ ಇಳಿದಿದ್ದನ್ನು ನಾನು ಕಂಡಿಲ್ಲ. ಈ ಲೆಕ್ಕ ಸುಳ್ಳಾ? ಸಂಬಳ ಏರಿಸಿ ಅಂತ ಕೇಳುವಾಗ ಯಾವ ಅಂಕಿ ಹಿಡಿದು ಮಾತಾಡಲಿ?

ಉತ್ತರ: ಸಂಬಳದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಸುಲಭದ್ದನ್ನು ಮುಗಿಸೋಣ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಬೆಲೆ ಏರುವ ವೇಗ ಕಮ್ಮಿಯಾಯಿತು ಅಂತ. ಮಗ ಹೋದ ವರ್ಷ ನಾಲ್ಕು ಇಂಚು ಬೆಳೆದ, ಈ ವರ್ಷ ಎರಡೇ ಇಂಚು. ಹಾಗಂತ ಹಳೇ ಪ್ಯಾಂಟು ಮತ್ತೆ ಹಿಡಿಸುತ್ತಾ? ಬೆಲೆ ಸೂಚ್ಯಂಕ, ಅಂದರೆ ಒಟ್ಟು ಬೆಲೆ ಮಟ್ಟ ಎಷ್ಟಿದೆ ಅಂತ ತೋರಿಸುವ ಅಂಕಿ, 100ರಿಂದ 110ಕ್ಕೆ ಹೋದರೆ ಹಣದುಬ್ಬರ ಶೇ. 10. ಮರುವರ್ಷ 110ರಿಂದ 115.5ಕ್ಕೆ ಹೋದರೆ ಶೇ. 5. ಸುದ್ದಿಯಲ್ಲಿ ‘ಅರ್ಧಕ್ಕಿಳಿದ ಹಣದುಬ್ಬರ’ ಅಂತ ಬರುತ್ತದೆ. ನಿಮ್ಮ ಪರ್ಸಿಗೆ ಎರಡು ವರ್ಷದಲ್ಲಿ ಬಿದ್ದ ಹೊರೆ ಶೇ. 15.5. ನೀವು ನೋಡುವುದು 115.5ನ್ನು, ಸುದ್ದಿಯವರು ಹೇಳುವುದು 5ನ್ನು.

ಇನ್ನು ನಿಮ್ಮ ಪುಸ್ತಕ. ಖರ್ಚು ಬರೆದಿಡುವವರನ್ನು ಕಂಡರೆ ನನಗೆ ಗೌರವ, ಯಾಕೆಂದರೆ ಗ್ರಾಹಕ ಬೆಲೆ ಸೂಚ್ಯಂಕಗಳು ಬಹುಮಟ್ಟಿಗೆ ನಿಂತಿರುವುದು ಇಂಥ ಮನೆಗಳ ಪುಸ್ತಕಗಳ ಮೇಲೆಯೇ. ಆದರೆ ಖರ್ಚಿನಲ್ಲಿ ಬೆಲೆ ಮತ್ತು ಪ್ರಮಾಣ ಎರಡೂ ಸೇರಿಕೊಂಡಿರುತ್ತವೆ. ಮನೆಗೆ ಒಬ್ಬರು ಹೆಚ್ಚಾಗಿ ಬಂದಿರಬಹುದು. ಮಗಳು ಹೊಸ ಕೋರ್ಸಿಗೆ ಸೇರಿರಬಹುದು. ಮೊದಲು ಕೊಳ್ಳದೇ ಇದ್ದದ್ದನ್ನು ಈಗ ಕೊಳ್ಳುತ್ತಿರಬಹುದು. ಇದೆಲ್ಲ ಖರ್ಚಿನ ಏರಿಕೆ, ಬೆಲೆಯ ಏರಿಕೆ ಅಲ್ಲ. ಹಾಗಾಗಿ ಒಂದು ಕೆಲಸ ಮಾಡಿ. ಹೋದ ವರ್ಷದ ಇದೇ ತಿಂಗಳ ಪುಟ ತೆಗೆಯಿರಿ. ಅಲ್ಲಿ ಬರೆದದ್ದನ್ನೇ, ಅಷ್ಟನ್ನೇ, ಇವತ್ತಿನ ಬೆಲೆಗೆ ಕೊಂಡರೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಬಂದ ಮೊತ್ತವನ್ನು ಹೋದ ವರ್ಷದ ಮೊತ್ತದಿಂದ ಭಾಗಿಸಿ. ನಿಮ್ಮ ಮನೆಯದೇ ಬೆಲೆ ಸೂಚ್ಯಂಕ ತಯಾರು. ಬಹುಶಃ ಅದು ಶೇ. 14 ಇರುವುದಿಲ್ಲ. ಶೇ. 5 ಕೂಡ ಇರಲಾರದು. ಯಾಕೆ ಇರಲಾರದು ಅನ್ನುವುದೇ ಈ ಉತ್ತರದ ದೊಡ್ಡ ಭಾಗ.

ಈ ಲೆಕ್ಕ ಹುಟ್ಟಿದ್ದೇ ಒಬ್ಬ ವ್ಯಕ್ತಿಗೆ ನ್ಯಾಯ ಹುಡುಕಲು ಹೋಗಿ. ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ 15ನೇ ಶತಮಾನದ ನಿಯಮವೊಂದಿತ್ತು: ವರ್ಷಕ್ಕೆ 5 ಪೌಂಡಿಗಿಂತ ಹೆಚ್ಚು ಸ್ವಂತ ಆದಾಯ ಇರುವವರು ಅಲ್ಲಿ ಫೆಲೋ (ಕಾಲೇಜಿನ ಸದಸ್ಯ ವಿದ್ವಾಂಸ) ಆಗಿ ಇರುವಂತಿಲ್ಲ. ಪ್ರಮಾಣ ಮಾಡಿ ಒಪ್ಪಬೇಕಾದ ನಿಯಮ ಅದು. ಎರಡೂವರೆ ಶತಮಾನ ಕಳೆದ ಮೇಲೆ 5 ಪೌಂಡು ಅಂದರೆ ಅಂಥ ದೊಡ್ಡ ಹಣ ಅಲ್ಲ. ಹಾಗಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಆದಾಯ ಇರುವವನು ಆತ್ಮಸಾಕ್ಷಿಗೆ ದ್ರೋಹ ಮಾಡದೆ ಆ ಪ್ರಮಾಣ ಮಾಡಬಹುದೇ? ವಿಲಿಯಂ ಫ್ಲೀಟ್‌ವುಡ್ ಎಂಬ ಪಾದ್ರಿ 1707ರಲ್ಲಿ ಇದಕ್ಕೆ ಉತ್ತರ ಬರೆದರು. ಹಳೇ ಲೆಕ್ಕದ ಪುಸ್ತಕಗಳನ್ನು ಕೆದಕಿದರು. ಆ ಕಾಲದ 5 ಪೌಂಡಿಗೆ ಎಷ್ಟು ಧಾನ್ಯ, ಎಷ್ಟು ಮಾಂಸ, ಎಷ್ಟು ಬಟ್ಟೆ ಬರುತ್ತಿತ್ತು ಅಂತ ನೋಡಿದರು. ಅಷ್ಟನ್ನೇ ತಮ್ಮ ಕಾಲದಲ್ಲಿ ಕೊಳ್ಳಲು 28ರಿಂದ 30 ಪೌಂಡು ಬೇಕು ಎಂದು ಕಂಡುಕೊಂಡರು. ಅಂದಮೇಲೆ ನಿಯಮದ 5 ಪೌಂಡನ್ನು ಇವತ್ತಿನ 28–30 ಪೌಂಡು ಅಂತಲೇ ಓದಬೇಕು ಎಂದರು.

ಇಲ್ಲಿ ನನಗೆ ಇಷ್ಟವಾಗುವ ವಿಷಯ ಒಂದಿದೆ. ಫ್ಲೀಟ್‌ವುಡ್ ಸುಮ್ನೆ ‘ಬೆಲೆಗಳು’ ಅಂತ ಹೊರಡಲಿಲ್ಲ. ಅಂಥ ಒಬ್ಬ ವಿದ್ವಾಂಸ ಏನೇನು ಕೊಳ್ಳುತ್ತಾನೋ ಅದನ್ನು ನೋಡಿದರು. ಯಾರಿಗಾಗಿ ಈ ಲೆಕ್ಕ, ಯಾವ ಉದ್ದೇಶಕ್ಕೆ ಎನ್ನುವುದು ಮೊದಲು ಬಂತು, ಅಂಕಿ ಆಮೇಲೆ ಬಂತು. ಇವತ್ತಿನ ಗೊಂದಲಗಳಲ್ಲಿ ಹೆಚ್ಚಿನವು ನಾವು ಈ ಕ್ರಮವನ್ನು ಮರೆತದ್ದರಿಂದ ಹುಟ್ಟಿದವು. ಒಂದು ಅಂಕಿ ಪ್ರಕಟವಾಗುತ್ತದೆ, ಅದು ಎಲ್ಲರಿಗೂ ಎಲ್ಲದಕ್ಕೂ ಸರಿ ಅಂತ ಅಂದುಕೊಳ್ಳುತ್ತೇವೆ.

ಈಗಿನ ಗ್ರಾಹಕ ಬೆಲೆ ಸೂಚ್ಯಂಕ ಕಟ್ಟುವ ರೀತಿ ಸ್ಥೂಲವಾಗಿ ಹೀಗೆ. ಸಾವಿರಾರು ಮನೆಗಳನ್ನು ಕೇಳಿ, ಜನ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತಾರೆ ಅಂತ ತಿಳಿದುಕೊಳ್ಳುತ್ತಾರೆ. ಅದರಿಂದ ಒಂದು ಬುಟ್ಟಿ ಮತ್ತು ಅದರಲ್ಲಿನ ಪ್ರತಿ ವಸ್ತುವಿಗೆ ಒಂದು ತೂಕ ಸಿಗುತ್ತದೆ. ಆಮೇಲೆ ಪ್ರತಿ ತಿಂಗಳು ಆ ಬುಟ್ಟಿಯ ವಸ್ತುಗಳ ಬೆಲೆ ತರುತ್ತಾರೆ.

ಕೇಳಲು ಸರಳ. ನಾನೊಮ್ಮೆ ಬೆಲೆ ಸಂಗ್ರಹಿಸುವವರೊಬ್ಬರ ಜೊತೆ ದಿನವಿಡೀ ಓಡಾಡಿದ್ದೆ. ಅವರ ಪಟ್ಟಿಯಲ್ಲಿ ‘ಸೋಪು’ ಅಂತ ಬರೆದಿರಲಿಲ್ಲ. ಇಂಥ ಕಂಪನಿಯ, ಇಂಥ ಹೆಸರಿನ, 100 ಗ್ರಾಮಿನ, ಒಂಟಿ ಸೋಪು ಅಂತಿತ್ತು. ಹೋದ ತಿಂಗಳು ನೋಡಿದ್ದನ್ನೇ ಈ ತಿಂಗಳೂ ನೋಡಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಂಗಡಿಯಲ್ಲಿ ಸೋಪು ಸಿಕ್ಕಿತು. ಬೆಲೆಯೂ ಹೋದ ತಿಂಗಳದ್ದೇ. ನಾನಾಗಿದ್ದರೆ ಬರೆದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಸೋಪನ್ನು ತಿರುಗಿಸಿ, ಕನ್ನಡಕ ಏರಿಸಿಕೊಂಡು, ಸಣ್ಣಕ್ಷರ ಓದಿದರು. 90 ಗ್ರಾಂ. ಬೆಲೆ ಅದೇ, ಸೋಪು ಕರಗಿತ್ತು. ಗ್ರಾಮಿನ ಲೆಕ್ಕದಲ್ಲಿ ಅದು ಶೇ. 11 ಏರಿಕೆ. ಅವರು ಅದನ್ನು ಬೆಲೆಯೇರಿಕೆ ಅಂತಲೇ ದಾಖಲಿಸಿದರು. ‘ಪ್ಯಾಕ್ ಸಣ್ಣದು ಮಾಡಿ ಸರ್ಕಾರದ ಕಣ್ಣಿಗೆ ಮಣ್ಣೆರಚುತ್ತಾರೆ’ ಅನ್ನುವ ದೂರು ನನಗೆ ಬಹಳ ಬರುತ್ತದೆ. ಈ ಒಂದು ವಿಷಯದಲ್ಲಿ ಕೆಲಸ ನೆಟ್ಟಗೆ ಮಾಡುವ ಕಚೇರಿಗಳು ನಮಗಿಂತ ಚುರುಕು.

ಕಷ್ಟ ಶುರುವಾಗುವುದು ಆಮೇಲೆ. ಒಂದು ದಾರಿಯಲ್ಲಿ ಓಡಾಡಲು ಬಸ್ಸೂ ಇದೆ, ರೈಲೂ ಇದೆ ಅಂದುಕೊಳ್ಳಿ. ಎರಡರ ಟಿಕೆಟೂ 10. ತಿಂಗಳಿಗೆ ನೀವು 10 ಸಲ ಬಸ್ಸು, 10 ಸಲ ರೈಲು ಹತ್ತುತ್ತೀರಿ, ಖರ್ಚು 200. ಈಗ ಬಸ್ಸಿನ ಟಿಕೆಟ್ 20 ಆಯಿತು, ರೈಲಿನದು ಹಾಗೇ ಉಳಿಯಿತು. ಹಳೇ ಬುಟ್ಟಿ ಹಿಡಿದು ಲೆಕ್ಕ ಹಾಕಿದರೆ ಖರ್ಚು 300, ಅಂದರೆ ಶೇ. 50 ಏರಿಕೆ. ಆದರೆ ಜನ ಸುಮ್ಮನೆ ಕೂರುವುದಿಲ್ಲ ಅಲ್ವಾ? ನೀವು 5 ಸಲ ಬಸ್ಸು, 15 ಸಲ ರೈಲು ಹತ್ತುತ್ತೀರಿ. ಖರ್ಚು 250. ಈ ಹೊಸ ಬುಟ್ಟಿಗೆ ಹಳೇ ಬೆಲೆಯಲ್ಲಿ 200 ಆಗುತ್ತಿತ್ತು. ಅಂದರೆ ಏರಿಕೆ ಶೇ. 25 ಮಾತ್ರ.

ಬೆಲೆಗಳು ಅವೇ, ಪ್ರಯಾಣಿಕ ಅವನೇ, ಉತ್ತರ ಮಾತ್ರ ಎರಡು: 50 ಮತ್ತು 25. ಹಳೇ ಬುಟ್ಟಿಯ ಸೂತ್ರವನ್ನು 1871ರಲ್ಲಿ ಎತಿಯೆನ್ ಲಾಸ್ಪೇರ್ಸ್, ಹೊಸ ಬುಟ್ಟಿಯದನ್ನು 1874ರಲ್ಲಿ ಹರ್ಮನ್ ಪಾಶೆ ಮುಂದಿಟ್ಟರು. ಇಬ್ಬರೂ ಜರ್ಮನಿಯ ಅರ್ಥಶಾಸ್ತ್ರಜ್ಞರು. ಅಮೆರಿಕದ ಅರ್ವಿಂಗ್ ಫಿಶರ್ 1922ರಲ್ಲಿ ಹತ್ತಾರು ಸೂತ್ರಗಳನ್ನು ಪರೀಕ್ಷಿಸಿ, ಇವೆರಡನ್ನೂ ಗುಣಿಸಿ ವರ್ಗಮೂಲ ತೆಗೆಯುವುದೇ ಉತ್ತಮ ಎಂದರು. ನಮ್ಮ ಬಸ್ಸು–ರೈಲಿಗೆ ಅದು ಸುಮಾರು ಶೇ. 37 ಬರುತ್ತದೆ.

ಇದರಲ್ಲಿ ಯಾವುದು ‘ಜೀವನ ವೆಚ್ಚ’? ಅಲೆಕ್ಸಾಂಡರ್ ಕೊನ್ಯೂಸ್ ಎಂಬ ರಷ್ಯದ ಅರ್ಥಶಾಸ್ತ್ರಜ್ಞ 1924ರಲ್ಲಿ ಈ ಪ್ರಶ್ನೆಗೆ ಸ್ಪಷ್ಟ ರೂಪ ಕೊಟ್ಟರು. ಅದೇ ವಸ್ತುಗಳನ್ನು ಕೊಳ್ಳಲು ಎಷ್ಟು ಬೇಕು ಅಂತ ಕೇಳಬೇಡಿ, ಮೊದಲಿನಷ್ಟೇ ನೆಮ್ಮದಿಯಾಗಿ ಬದುಕಲು ಕನಿಷ್ಠ ಎಷ್ಟು ಬೇಕು ಅಂತ ಕೇಳಿ. ಎರಡೂ ಬೇರೆ ಪ್ರಶ್ನೆಗಳು. ಮೊದಲಿನದು ಬೆಲೆ ಸೂಚ್ಯಂಕ, ಎರಡನೆಯದು ಜೀವನ ವೆಚ್ಚದ ಸೂಚ್ಯಂಕ. ರೈಲು ಹತ್ತಿದ್ದರಿಂದ ನಿಮಗೆ ತೊಂದರೆಯೇ ಆಗದಿದ್ದರೆ ಜೀವನ ವೆಚ್ಚ ಶೇ. 50 ಏರಿಲ್ಲ. ಆದರೆ ರೈಲು ನಿಲ್ದಾಣಕ್ಕೆ ಅರ್ಧ ಗಂಟೆ ನಡೆಯಬೇಕಾಗಿ ಬಂದರೆ ಅದು ಶೇ. 25ಕ್ಕೇ ನಿಂತಿಲ್ಲ. ಆ ಅರ್ಧ ಗಂಟೆಯ ದಣಿವು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ‘ಜನ ಅಗ್ಗದ್ದಕ್ಕೆ ಹೊರಳುತ್ತಾರೆ, ಹಾಗಾಗಿ ಹಣದುಬ್ಬರ ಕಮ್ಮಿ’ ಅನ್ನುವ ಮಾತನ್ನು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ಬೇಸರವಾಗುತ್ತದೆ. ಹೊರಳುವುದಕ್ಕೂ ಬೆಲೆ ಇದೆ. ಮೊದಲೇ ಎಲ್ಲಕ್ಕಿಂತ ಅಗ್ಗದ್ದನ್ನು ಕೊಳ್ಳುತ್ತಿದ್ದವರಿಗೆ ಹೊರಳಲು ಜಾಗವೇ ಇರುವುದಿಲ್ಲ.

ಸೂತ್ರದ ಆಯ್ಕೆ ಬರೀ ಪಂಡಿತರ ಜಗಳ ಅಂದುಕೊಳ್ಳಬೇಡಿ. ಇನ್ನೊಂದು ಸಣ್ಣ ಲೆಕ್ಕ ನೋಡಿ. ಎರಡು ವಸ್ತುಗಳಿವೆ. ಈ ತಿಂಗಳು ಒಂದರ ಬೆಲೆ ಎರಡರಷ್ಟಾಯಿತು, ಇನ್ನೊಂದರದು ಅರ್ಧವಾಯಿತು. ಎರಡೂ ಬದಲಾವಣೆಗಳ ಸಾಮಾನ್ಯ ಸರಾಸರಿ ತೆಗೆದರೆ 2 ಮತ್ತು 0.5ರ ನಡುವಿನದು 1.25, ಅಂದರೆ ಶೇ. 25 ಏರಿಕೆ. ಮುಂದಿನ ತಿಂಗಳು ಎರಡೂ ಬೆಲೆ ಮೊದಲಿದ್ದಲ್ಲಿಗೇ ಬಂದವು. ಮತ್ತೆ ಸರಾಸರಿ ತೆಗೆದರೆ ಮತ್ತೆ ಶೇ. 25 ಏರಿಕೆ! ಬೆಲೆಗಳು ಇದ್ದಲ್ಲೇ ಇವೆ, ಸೂಚ್ಯಂಕ ಶೇ. 56 ಮೇಲೆ ಹೋಗಿದೆ. ಗುಣಿಸಿ ಮೂಲ ತೆಗೆಯುವ ಗುಣೋತ್ತರ ಸರಾಸರಿಯಲ್ಲಿ ಈ ದೋಷವಿಲ್ಲ, ಎರಡೂ ತಿಂಗಳು ಏರಿಕೆ ಸೊನ್ನೆ. ಮೊದಲಿನದಕ್ಕೆ 18ನೇ ಶತಮಾನದ ಇಟಲಿಯ ಕಾರ್ಲಿಯ ಹೆಸರಿದೆ, ಎರಡನೆಯದಕ್ಕೆ ಇಂಗ್ಲೆಂಡಿನ ಜೆವನ್ಸ್ ಹೆಸರು. ಬ್ರಿಟನ್ನಿನ ಹಳೇ ಚಿಲ್ಲರೆ ಬೆಲೆ ಸೂಚ್ಯಂಕ ಕೆಲವು ಕಡೆ ಕಾರ್ಲಿ ಸೂತ್ರವನ್ನೇ ಬಳಸುತ್ತಿತ್ತು. 2013ರಲ್ಲಿ ಆ ಸೂಚ್ಯಂಕ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮಾನ್ಯತೆಯನ್ನೇ ಕಳೆದುಕೊಂಡಿತು. ಆದರೂ ವಿದ್ಯಾರ್ಥಿಗಳ ಸಾಲದ ಬಡ್ಡಿ, ಸರ್ಕಾರಿ ಸಾಲಪತ್ರಗಳ ಪಾವತಿ ಎಲ್ಲ ಅದಕ್ಕೇ ಗಂಟು ಬಿದ್ದಿದ್ದರಿಂದ ಕೈಬಿಡಲು ಆಗಲಿಲ್ಲ. 2030ರಲ್ಲಿ ಅದರ ಲೆಕ್ಕದ ವಿಧಾನವನ್ನೇ ಬದಲಿಸುವುದಾಗಿ ತೀರ್ಮಾನವಾಗಿದೆ. ಯಾವ ಸರಾಸರಿ ತೆಗೆಯುತ್ತೀರಿ ಎನ್ನುವುದರ ಮೇಲೆ ಒಬ್ಬ ವಿದ್ಯಾರ್ಥಿ ತೀರಿಸಬೇಕಾದ ಸಾಲ ನಿಂತಿದೆ, ನೋಡಿ.

ಗುಣಮಟ್ಟದ ಪ್ರಶ್ನೆ ಇದಕ್ಕಿಂತ ತೊಡಕಿನದು. ಹೊಸ ಫೋನು ಹಳೆಯದರಷ್ಟೇ ಬೆಲೆಗೆ ಬಂತು, ಆದರೆ ಅದರ ಸಂಗ್ರಹ ಸಾಮರ್ಥ್ಯ ಎರಡರಷ್ಟಿದೆ, ಕ್ಯಾಮೆರಾ ಚೆನ್ನಾಗಿದೆ. ಲೆಕ್ಕದವರು ‘ಫೋನಿನ ಬೆಲೆ ಇಳಿದಿದೆ’ ಅಂತ ಬರೆಯುತ್ತಾರೆ. ಒಂದೊಂದು ಗುಣಕ್ಕೂ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ಅಂತ ಅಂದಾಜಿಸಿ ಕಳೆಯುವ ಈ ವಿಧಾನಕ್ಕೆ ಹೆಡೋನಿಕ್ ಹೊಂದಾಣಿಕೆ ಅನ್ನುತ್ತಾರೆ. ಇದು ಮೋಸ ಅಲ್ಲ. ಮಾಡದೇ ಇದ್ದರೆ ಆಗುವ ತಪ್ಪು ಇನ್ನೂ ದೊಡ್ಡದು. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ 1990ರ ದಶಕದಲ್ಲಿ ದೀಪದ ಬೆಲೆ ಬಿಟ್ಟು ಬೆಳಕಿನ ಬೆಲೆಯನ್ನೇ ಅಳೆದರು: ಇಷ್ಟು ಬೆಳಕು ಪಡೆಯಲು ಎಷ್ಟು ಖರ್ಚು ಅಂತ. ಮೇಣದಬತ್ತಿಯಿಂದ ವಿದ್ಯುತ್ ದೀಪದವರೆಗೆ ಬಂದಾಗ ಬೆಳಕು ಎಷ್ಟು ಅಗ್ಗವಾಯಿತು ಎನ್ನುವುದು ಮಾಮೂಲಿ ಸೂಚ್ಯಂಕಗಳಿಗೆ ಗೊತ್ತೇ ಆಗಿರಲಿಲ್ಲ.

ಆದರೂ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹಳೇ ಮಾದರಿಯ ಫೋನು ಅಂಗಡಿಯಿಂದಲೇ ಮಾಯವಾಗಿದೆ. ಫೋನಿಲ್ಲದೆ ಬ್ಯಾಂಕಿನ ಕೆಲಸ ಆಗುವುದಿಲ್ಲ, ಶಾಲೆಯ ಸೂಚನೆ ಬರುವುದಿಲ್ಲ. ನಿಮ್ಮ ಕೈಯಿಂದ ಹೋದ ಹಣ ಹೋದದ್ದೇ. ಸೂಚ್ಯಂಕದಲ್ಲಿ ‘ಬೆಲೆ ಇಳಿದಿದೆ’. ಹತ್ತು ವರ್ಷದ ಹಿಂದೆ ಬೇಡವಾಗಿದ್ದ ಒಂದು ವಸ್ತು ಇವತ್ತು ಬದುಕಲು ಬೇಕೇ ಬೇಕು ಅಂತಾದರೆ ಆ ಖರ್ಚು ಬೆಲೆಯೇರಿಕೆ ಅಲ್ಲ. ಆದರೆ ಸಾಮಾನ್ಯ ಜನ ‘ಬದುಕು ತುಟ್ಟಿಯಾಯಿತು’ ಅನ್ನುವಾಗ ಅದನ್ನೂ ಸೇರಿಸಿಯೇ ಹೇಳುತ್ತಾರೆ. ಜನ ಹೇಳುವುದು ತಪ್ಪಲ್ಲ. ಸೂಚ್ಯಂಕ ಆ ಪ್ರಶ್ನೆಯನ್ನು ಕೇಳಿಯೇ ಇಲ್ಲ, ಅಷ್ಟೇ.

ಅಮೆರಿಕದಲ್ಲಿ ಇದೆಲ್ಲ ಒಮ್ಮೆ ದೊಡ್ಡ ವಿವಾದವಾಯಿತು. ಅಲ್ಲಿನ ಸೆನೆಟ್ ಸಮಿತಿ ನೇಮಿಸಿದ ಬೋಸ್ಕಿನ್ ಆಯೋಗ 1996ರಲ್ಲಿ ಒಂದು ವರದಿ ಕೊಟ್ಟಿತು: ಗ್ರಾಹಕ ಬೆಲೆ ಸೂಚ್ಯಂಕ ಜೀವನ ವೆಚ್ಚದ ಏರಿಕೆಯನ್ನು ವರ್ಷಕ್ಕೆ ಸುಮಾರು 1.1 ಶೇಕಡಾ ಅಂಶದಷ್ಟು ಜಾಸ್ತಿ ತೋರಿಸುತ್ತಿದೆ. ಕಾರಣಗಳು ಹೆಚ್ಚಾಗಿ ಮೇಲೆ ಹೇಳಿದವೇ: ಜನ ಅಗ್ಗದ್ದಕ್ಕೆ ಹೊರಳುವುದು, ಅಗ್ಗದ ಅಂಗಡಿಗೆ ಹೋಗುವುದು, ಹೊಸ ವಸ್ತುಗಳು, ಗುಣಮಟ್ಟ. 1.1 ಅಂದರೆ ಸಣ್ಣದು ಅನ್ನಿಸಬಹುದು. 20 ವರ್ಷ ಸೇರಿಸಿ ನೋಡಿ, ಶೇ. 24ರಷ್ಟು ವ್ಯತ್ಯಾಸವಾಗುತ್ತದೆ. ಪಿಂಚಣಿ ಆ ಸೂಚ್ಯಂಕಕ್ಕೆ ಅಂಟಿಕೊಂಡಿದ್ದರಿಂದ ವೃದ್ಧರು ಹೆದರಿದ್ದು ಸಹಜ. 1999ರಿಂದ ಅಲ್ಲಿ ಹೆಚ್ಚಿನ ವಸ್ತುಗಳಿಗೆ ಗುಣೋತ್ತರ ಸರಾಸರಿ ಬಂತು. 2002ರಿಂದ, ಬದಲಾಗುವ ಬುಟ್ಟಿಯ ಜೊತೆ ಸಾಗುವ ಸರಪಳಿ ಸೂಚ್ಯಂಕವನ್ನೂ ಬೇರೆಯಾಗಿ ಪ್ರಕಟಿಸುತ್ತಿದ್ದಾರೆ.

ಮನೆ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಾಡಿಗೆ ಬುಟ್ಟಿಯಲ್ಲಿರುತ್ತದೆ. ಆದರೆ ಮನೆ ಕೊಳ್ಳುವುದನ್ನು ಹೂಡಿಕೆ ಅಂತ ನೋಡುವುದರಿಂದ ಅದರ ಬೆಲೆ ಸಾಮಾನ್ಯವಾಗಿ ಬುಟ್ಟಿಗೆ ಸೇರುವುದಿಲ್ಲ. ಅಮೆರಿಕದಲ್ಲಿ 1983ರಿಂದ ಸ್ವಂತ ಮನೆಯವರಿಗೆ ‘ಇದೇ ಮನೆ ಬಾಡಿಗೆಗೆ ಹಿಡಿದಿದ್ದರೆ ಎಷ್ಟು ಕೊಡಬೇಕಿತ್ತು’ ಅಂತ ಲೆಕ್ಕ ಕಟ್ಟುತ್ತಾರೆ. ಯುರೋಪಿನ ಸಾಮಾನ್ಯ ಸೂಚ್ಯಂಕದಲ್ಲಿ ಸ್ವಂತ ಮನೆಯ ಈ ಖರ್ಚು ಸೇರಿಯೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಗೃಹಸಾಲದ ಕಂತು ಇದ್ದು, ಬಡ್ಡಿ ಏರಿ ಆ ಕಂತು ಹೆಚ್ಚಿದ್ದರೆ, ನಿಮ್ಮ ಶೇ. 14ರಲ್ಲಿ ಅದರದೇ ದೊಡ್ಡ ಪಾಲಿರಬಹುದು. ಆದಾಯ ತೆರಿಗೆಯೂ ಬುಟ್ಟಿಯಲ್ಲಿರುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ, ಆದರೆ ಕಮ್ಮಿ ಚರ್ಚೆಯಾಗುವ ವಿಷಯ ಬೇರೆ ಇದೆ: ಬುಟ್ಟಿ ಯಾರದು? ಊರಲ್ಲಿ ಎರಡೇ ಮನೆ ಅಂದುಕೊಳ್ಳಿ. ಬಡವರ ಮನೆ 100 ಖರ್ಚು ಮಾಡುತ್ತದೆ, ಅದರಲ್ಲಿ 60 ಆಹಾರಕ್ಕೆ. ಶ್ರೀಮಂತರ ಮನೆ 900 ಖರ್ಚು ಮಾಡುತ್ತದೆ, 180 ಆಹಾರಕ್ಕೆ. ಆಹಾರದ ಬೆಲೆ ಶೇ. 10 ಏರಿತು, ಬೇರೇನೂ ಏರಲಿಲ್ಲ. ಬಡವರ ಪಾಲಿಗೆ ಹಣದುಬ್ಬರ ಶೇ. 6, ಶ್ರೀಮಂತರಿಗೆ ಶೇ. 2. ಇಬ್ಬರ ಸರಾಸರಿ ಶೇ. 4 ಆಗಬೇಕು ಅಂತ ನಿಮಗೆ ಅನ್ನಿಸುತ್ತದೆ. ಆದರೆ ಸೂಚ್ಯಂಕ ಮಾಮೂಲಾಗಿ ಊರಿನ ಒಟ್ಟು ಖರ್ಚಿನ ಲೆಕ್ಕ ಹಿಡಿಯುತ್ತದೆ. 1000ದಲ್ಲಿ 240 ಆಹಾರ, ಹಾಗಾಗಿ ಶೇ. 2.4! ಅಂದರೆ ಇಲ್ಲಿ ಮನೆಗೊಂದು ಮತ ಇಲ್ಲ, ಖರ್ಚಿಗೊಂದು ಮತ. ಹೆಚ್ಚು ಖರ್ಚು ಮಾಡುವವರ ಬುಟ್ಟಿಯೇ ದೇಶದ ಬುಟ್ಟಿಯನ್ನು ತನ್ನ ಕಡೆ ಎಳೆಯುತ್ತದೆ. ಇಡೀ ಆರ್ಥಿಕತೆಯ ಹಣದುಬ್ಬರ ನೋಡುವ ಕೇಂದ್ರ ಬ್ಯಾಂಕಿಗೆ ಇದು ಸರಿಯಾದ ಲೆಕ್ಕವೇ. ಬಡವರ ಪಿಂಚಣಿ ಎಷ್ಟು ಏರಿಸಬೇಕು ಅಂತ ತೀರ್ಮಾನಿಸಲು ಇದೇ ಲೆಕ್ಕ ಹಿಡಿದರೆ ಅನ್ಯಾಯ. ವರಮಾನವಾರು ಸೂಚ್ಯಂಕಗಳನ್ನು ಪ್ರತಿ ತಿಂಗಳೂ ಮುಖ್ಯ ಅಂಕಿಯ ಪಕ್ಕದಲ್ಲೇ ಕೊಡಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ.

ನಮ್ಮ ಮನಸ್ಸೂ ಇದರಲ್ಲಿ ಒಂದು ಕೈ ಹಾಕುತ್ತದೆ. ದಿನಾ ಕೊಳ್ಳುವುದರ ಬೆಲೆ ಬಾಯಿಪಾಠ ಇರುತ್ತದೆ, ಐದು ವರ್ಷಕ್ಕೊಮ್ಮೆ ಕೊಳ್ಳುವುದರದು ಇರುವುದಿಲ್ಲ. 2002ರಲ್ಲಿ ಯೂರೋ ನೋಟು, ನಾಣ್ಯ ಬಂದಾಗ ಹಲವು ದೇಶಗಳ ಜನ ಎಲ್ಲ ಬೆಲೆಯೂ ಹಾರಿಹೋಯಿತು ಅಂದರು. ಒಟ್ಟು ಸೂಚ್ಯಂಕದ ಮೇಲೆ ನೋಟು ಬದಲಾವಣೆಯ ಪರಿಣಾಮ ತೀರಾ ಸಣ್ಣದಿತ್ತು. ಆದರೆ ಹೋಟೆಲು, ಕ್ಷೌರದಂಥ ಪದೇ ಪದೇ ಹಣ ಕೊಡುವ ಕಡೆ ಬೆಲೆ ನಿಜವಾಗಿಯೂ ಏರಿತ್ತು. ಜನ ಅದನ್ನೇ ನೆನಪಿಟ್ಟುಕೊಂಡರು.

ಹಾಗಾದರೆ ಸುಳ್ಳು ಲೆಕ್ಕ ಇರುವುದೇ ಇಲ್ಲವೇ? ಇರುತ್ತದೆ. ಅರ್ಜೆಂಟೀನಾದಲ್ಲಿ 2007ರಿಂದ ಸರ್ಕಾರ ಅಂಕಿಅಂಶ ಸಂಸ್ಥೆಯೊಳಗೆ ಕೈಹಾಕಿತು. ಅಧಿಕೃತ ಹಣದುಬ್ಬರ ನಿಜಕ್ಕಿಂತ ಬಹಳ ಕಮ್ಮಿ ಬರತೊಡಗಿತು. ಆಗ ಅಲ್ಬರ್ಟೊ ಕವಾಲ್ಲೊ ಮತ್ತು ರೊಬೆರ್ಟೊ ರಿಗೊಬಾನ್ ಎಂಬ ಅರ್ಥಶಾಸ್ತ್ರಜ್ಞರು ಅಂಗಡಿಗಳು ಅಂತರ್ಜಾಲದಲ್ಲಿ ಹಾಕುವ ಬೆಲೆಗಳನ್ನು ದಿನವೂ ಕಂಪ್ಯೂಟರಿನಿಂದ ಸಂಗ್ರಹಿಸಿ ಬೇರೆ ಸೂಚ್ಯಂಕ ಕಟ್ಟಿದರು. ಅದರಲ್ಲಿ ಹಣದುಬ್ಬರ ಅಧಿಕೃತ ಅಂಕಿಯ ಎರಡರಷ್ಟಕ್ಕೂ ಹೆಚ್ಚಿತ್ತು. 2013ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ದೇಶಕ್ಕೆ ಛೀಮಾರಿ ಹಾಕಿತು. ಅಂಕಿ ನಿಮ್ಮ ಅನುಭವಕ್ಕಿಂತ ಕಮ್ಮಿ ಅನ್ನುವುದೊಂದೇ ಅನುಮಾನಕ್ಕೆ ಸಾಲದು. ಬುಟ್ಟಿಯ ತೂಕಗಳನ್ನು ಮುಚ್ಚಿಟ್ಟರೆ, ವಿಧಾನವನ್ನು ಹೇಳದೆ ಬದಲಿಸಿದರೆ, ಲೆಕ್ಕ ಹಾಕುವವರನ್ನು ಎತ್ತಂಗಡಿ ಮಾಡಿದರೆ ಆಗ ಅನುಮಾನಪಡಿ.

ಈಗ ಸಂಬಳ. ಮಾತುಕತೆಗೆ ಪ್ರಕಟಿತ ಸೂಚ್ಯಂಕವನ್ನೇ ಹಿಡಿಯಿರಿ, ಯಾಕೆಂದರೆ ಅದನ್ನು ನೀವೂ ನೋಡಬಹುದು, ಎದುರಿನವರೂ ನೋಡಬಹುದು. ಆದರೆ ‘ಈ ವರ್ಷದ ಶೇ. 5’ ಹಿಡಿಯಬೇಡಿ. ನಿಮ್ಮ ಸಂಬಳ ಹಿಂದೊಮ್ಮೆ ನ್ಯಾಯವಾಗಿದೆ ಅಂತ ಇಬ್ಬರೂ ಒಪ್ಪಿದ ತಿಂಗಳಿನ ಸೂಚ್ಯಂಕದ ಮಟ್ಟ ತೆಗೆಯಿರಿ, ಇವತ್ತಿನ ಮಟ್ಟ ತೆಗೆಯಿರಿ. ಆಗ 140 ಇತ್ತು, ಈಗ 161 ಅನ್ನಿ. 161ನ್ನು 140ರಿಂದ ಭಾಗಿಸಿದರೆ 1.15, ಬೆಲೆ ಮಟ್ಟ ಶೇ. 15 ಏರಿದೆ. ಈ ನಡುವೆ ಸಂಬಳ ಶೇ. 6 ಏರಿದ್ದರೆ 1.15ನ್ನು 1.06ರಿಂದ ಭಾಗಿಸಿ. ಸುಮಾರು 1.085 ಬರುತ್ತದೆ. 15ರಲ್ಲಿ 6 ಕಳೆದು 9 ಅನ್ನಬೇಡಿ, ಎದುರಿನವರು ಆ ಸಣ್ಣ ತಪ್ಪನ್ನೇ ಹಿಡಿದು ಎಳೆಯುತ್ತಾರೆ. ಇದರ ಜೊತೆ ನಿಮ್ಮ ಪುಸ್ತಕದಿಂದ ಕಟ್ಟಿದ ಮನೆ ಸೂಚ್ಯಂಕವನ್ನೂ ಒಯ್ಯಿರಿ, ಹಳೇ ಪುಟ ಮತ್ತು ಇವತ್ತಿನ ಬೆಲೆ ಪಕ್ಕಪಕ್ಕ ಇಟ್ಟು. ಶೇ. 8.5 ಕೊಟ್ಟರೂ ನೀವು ಅಂದು ನಿಂತಿದ್ದ ಜಾಗಕ್ಕೆ ಮರಳಿದಿರಿ, ಅಷ್ಟೇ. ಅನುಭವಕ್ಕೆ, ಹೆಚ್ಚಿನ ಕೆಲಸಕ್ಕೆ ಏನು ಕೊಡುತ್ತೀರಿ ಅನ್ನುವ ಮಾತು ಅಲ್ಲಿಂದ ಮುಂದಕ್ಕೆ ಶುರುವಾಗಲಿ.